ಹಳೆಯ ಕ್ಯಾಮೆರಾ: ದುರಸ್ತಿಗೊಂದು ಮೇರೆ

ಹಳೆಯ ಯಂತ್ರವೊಂದು ಕೈಗೆ ಬಂದೊಡನೆ ಅದನ್ನು ಉಜ್ಜಿ ಹೊಸದರಂತೆ ಹೊಳೆಯಿಸಬೇಕೆಂಬ ಹಂಬಲ ಅನೇಕರಿಗೆ ಸಹಜವಾದುದು. ಈ ಹಂಬಲಕ್ಕೆ ಒಂದು ಮೇರೆಯಿರಬೇಕೆಂಬುದು ನನ್ನ ಮತ. ಪೊಲರಾಯ್ಡ್ ಸಂಸ್ಥೆಯ ಎಸ್‌ಎಕ್ಸ್-70 ಕ್ಯಾಮೆರಾ ಇದಕ್ಕೊಂದು ಒಳ್ಳೆಯ ನಿದರ್ಶನ.

ತೆಗೆದ ಚಿತ್ರವನ್ನು ಒಂದು ನಿಮಿಷದಲ್ಲಿಯೇ ಕೈಗೆ ಕೊಡುವ ವಿಧಾನವನ್ನು ಅಮೆರಿಕದ ಎಡ್ವಿನ್ ಲ್ಯಾಂಡ್ 1947ರಲ್ಲಿ ಪ್ರದರ್ಶಿಸಿದನು. 1972ರಲ್ಲಿ ಬಂದ ಎಸ್‌ಎಕ್ಸ್-70, ಗುಂಡಿಯನ್ನೊತ್ತಿದೊಡನೆ ಚಿತ್ರಫಲಕವನ್ನು ಎರಡು ಉರುಳೆಗಳ ನಡುವೆ ಹಾಯಿಸಿ ತಾನೇ ಹೊರಕ್ಕೆ ನೂಕುತ್ತದೆ. ಆ ಒತ್ತಡಕ್ಕೆ ಫಲಕದ ಅಂಚಿನಲ್ಲಿರುವ ರಾಸಾಯನಿಕದ ಚೀಲ ಒಡೆದು, ಅದರೊಳಗಿನ ದ್ರವ್ಯ ತೆಳುಪದರವಾಗಿ ಹರಡಿ, ಚಿತ್ರವು ನಮ್ಮ ಕಣ್ಣೆದುರಿನಲ್ಲಿಯೇ ಮೂಡುತ್ತದೆ. ಈ ಬಗೆಯ ಫಿಲ್ಮಿನ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಸಂಸ್ಥೆಯು 2008ರಲ್ಲಿ ಸಾರಿತು. ಆದರೆ ಕೆಲವು ಉತ್ಸಾಹಿಗಳು ನೆದರ್ಲೆಂಡ್ಸಿನ ಕಾರ್ಖಾನೆಯನ್ನು ಉಳಿಸಿಕೊಂಡು, 2010ರಲ್ಲಿ ಹೊಸ ಫಿಲ್ಮನ್ನು ಹೊರತಂದರು. ಹೀಗಾಗಿ ಮೂಲೆ ಸೇರಿದ್ದ ಕ್ಯಾಮೆರಾಗಳು ಮತ್ತೆ ದುರಸ್ತಿಗೆ ಬರತೊಡಗಿದವು.

ದುರಸ್ತಿ ಮಾಡುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಸವೆತ ಬೆಳಕಿನ ದಾರಿಯನ್ನಾಗಲಿ, ರಾಸಾಯನಿಕದ ಹರಡುವಿಕೆಯನ್ನಾಗಲಿ ಕೆಡಿಸುತ್ತಿದೆಯೆ? ಕೆಡಿಸುತ್ತಿದ್ದರೆ ಅದು ದೋಷ. ಅದನ್ನು ನಿರ್ದಾಕ್ಷಿಣ್ಯವಾಗಿ ಸರಿಪಡಿಸತಕ್ಕದ್ದು. ಉರುಳೆಯ ಮೇಲೆ ಒಣಗಿ ನಿಂತ ಚೂರೊಂದಿದ್ದರೆ, ಉರುಳೆಯ ಒಂದೊಂದು ಸುತ್ತಿಗೂ ಒಂದೊಂದರಂತೆ ಚಿತ್ರದ ಮೇಲೆ ಸಮದೂರದಲ್ಲಿ ಕಲೆಗಳು ಬೀಳುತ್ತವೆ. ತಿದಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೂ ಒಳನುಗ್ಗಿದ ಬೆಳಕು ಚಿತ್ರವನ್ನು ಮಸುಕಾಗಿಸುತ್ತದೆ. ಬೆಳಕನ್ನಳೆಯುವ ದ್ಯುತಿಕೋಶದ ಕಿಂಡಿಗೆ ಧೂಳು ಮೆತ್ತಿದರೆ, ಕ್ಯಾಮೆರಾ ಹಗಲನ್ನು ಮಬ್ಬೆಂದು ಭ್ರಮಿಸಿ ಹೆಚ್ಚು ಹೊತ್ತು ಕಣ್ದೆರೆದಿರುತ್ತದೆ; ಚಿತ್ರ ಬಿಳಿಚಿಕೊಳ್ಳುತ್ತದೆ.

ಹೊರಮೈಯ ವಿಚಾರ ಬೇರೆ. 1972ರ ಮಾದರಿಯ ಕವಚ ಲೋಹದಂತೆ ತೋರಿದರೂ ಪ್ಲಾಸ್ಟಿಕ್ಕಿನದು; ಅದರ ಮೇಲಿರುವುದು ತೆಳುವಾದ ಲೋಹಲೇಪ ಮಾತ್ರ. ಗೀರುಗಳನ್ನು ಅಳಿಸಲು ಉಜ್ಜಿದಷ್ಟೂ ಲೇಪವೇ ಹೋಗುತ್ತದೆ, ಮತ್ತೆ ಬಾರದು. ಬೆರಳುಗಳು ಹಿಡಿದು ಹಿಡಿದು ಸವೆದ ಅಂಚು, ಬಣ್ಣಗೆಟ್ಟ ಚರ್ಮದ ಹೊದಿಕೆ, ಇವು ಚಿತ್ರಕ್ಕೆ ಎಳ್ಳಷ್ಟೂ ಬಾಧಕವಲ್ಲ. ಆ ಉಪಕರಣವನ್ನು ಯಾರೋ ದಿನದಿನವೂ ಬಳಸಿದರೆಂಬುದಕ್ಕೆ ಉಳಿದಿರುವ ಸಾಕ್ಷ್ಯ ಅವು. ಮೆತ್ತನೆಯ ಬಟ್ಟೆಯಿಂದ ಧೂಳೊರೆಸಿದರೆ ಸಾಕು.

ಹಾಗಾದರೆ ಏನನ್ನೂ ಮುಟ್ಟದೆ ಗಾಜಿನ ಪೆಟ್ಟಿಗೆಯಲ್ಲಿಡುವುದು ಮೇಲಲ್ಲವೆ ಎಂದು ಕೆಲವರು ಕೇಳಬಹುದು. ಅಲ್ಲವೆನ್ನುತ್ತೇನೆ. ಚಿತ್ರ ತೆಗೆಯಲಾರದ ಕ್ಯಾಮೆರಾ ತನ್ನ ಆಕಾರವನ್ನು ತೋರಿಸೀತೇ ಹೊರತು, ಲ್ಯಾಂಡನ ಬುದ್ಧಿಯನ್ನು ತೋರಿಸಲಾರದು. ಅದು ಕೆಲಸ ಮಾಡಬೇಕು. ತನ್ನ ವಯಸ್ಸನ್ನು ಮರೆಮಾಚಬಾರದು. ಬದಲಾಯಿಸಲೇಬೇಕಾದ ಭಾಗವಿದ್ದರೆ, ಹಳೆಯದನ್ನು ಎಸೆಯದೆ, ಮಾಡಿದ ಕೆಲಸವನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡುವುದು ಮುಂದೆ ಅದನ್ನು ಬಿಚ್ಚುವವನಿಗೆ ನಾವು ಸಲ್ಲಿಸಬೇಕಾದ ಋಣ.