ಧಾರಣೆ ಬಂದ ವರ್ಷದ ಹಣ



2024 ಮತ್ತು 2025ರಲ್ಲಿ ಕಾಫಿಗೆ ಬಂದ ಧಾರಣೆಯನ್ನು ನಮ್ಮ ಹಿರಿಯರು ಕಂಡಿರಲಿಲ್ಲ. ಸಂತೋಷದ ಸಂಗತಿಯೇ. ಆದರೆ ಸಂಘದ ಕಚೇರಿಗೆ ಬರುವ ಹೆಚ್ಚಿನವರ ಪ್ರಶ್ನೆ ಒಂದೇ: "ಪಕ್ಕದ ಜಾಗ ಮಾರಾಟಕ್ಕಿದೆ, ಸ್ವಲ್ಪ ಸಾಲ ಸಿಕ್ಕೀತೇ?"

ಈ ಮಾತನ್ನು ನಮ್ಮ ಮನೆಯಲ್ಲೇ ಕೇಳಿದ್ದೇನೆ. 1994ರಲ್ಲಿ ಬ್ರೆಜಿಲ್‌ನ ತೋಟಗಳು ಹಿಮಕ್ಕೆ ಸುಟ್ಟು ಬೆಲೆ ಏರಿದಾಗ ತಂದೆಯವರು ಕೈಯಲ್ಲಿದ್ದ ಹಣಕ್ಕೆ ಸಾಲ ಸೇರಿಸಿ ನಾಲ್ಕು ಎಕರೆ ಕೊಂಡರು. ಪದವಿ ಮುಗಿಸಿ ಬಂದಿದ್ದ ನಾನೂ ಹೂಂ ಎಂದೆ. ಹೊಸ ಗಿಡಗಳು ಪೂರ್ಣ ಫಸಲಿಗೆ ಬಂದ 2001-02ರ ಹೊತ್ತಿಗೆ, ಕೊಯ್ಲಿನ ಕೂಲಿ ಕಳೆದರೆ ಕೈಗೆ ಏನೂ ಉಳಿಯದಾಯಿತು. ಆ ನಾಲ್ಕು ಎಕರೆಯ ಜೊತೆಗೆ ಅಜ್ಜನ ಕಾಲದ ಒಂದು ಎಕರೆಯನ್ನೂ ಮಾರಿ ಸಾಲ ತೀರಿಸಿದೆವು.

ತೋಟಕ್ಕೆ ಹಾಕಿದ ಹಣ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ತೋಟವೇ ನಮ್ಮ ಅನ್ನ. ಆದರೆ ದುಡಿಮೆ, ಆಸ್ತಿ, ಉಳಿತಾಯ ಮೂರೂ ಒಂದೇ ಮಳೆಯನ್ನು, ಒಂದೇ ಮಾರುಕಟ್ಟೆಯನ್ನು ನಂಬಿದ್ದರೆ ಒಂದು ಕೆಟ್ಟ ವರ್ಷ ಮೂರನ್ನೂ ಅಲ್ಲಾಡಿಸುತ್ತದೆ. ಅಡಿಕೆಯೂ ಇದೆಯಲ್ಲ ಎನ್ನುವವರು ಎಲೆಚುಕ್ಕಿ ರೋಗ ಬಂದ ತೋಟಗಳನ್ನು ಒಮ್ಮೆ ನೋಡಿಬರಲಿ.

ನನ್ನ ಅಭಿಪ್ರಾಯದಲ್ಲಿ ಕ್ರಮ ಹೀಗಿರಬೇಕು. ಮೊದಲು ಹೆಚ್ಚು ಬಡ್ಡಿಯ ಸಾಲ ತೀರಲಿ. ನೂರಕ್ಕೆ 12ರ ಚಕ್ರಬಡ್ಡಿಯಲ್ಲಿ ಸಾಲ ಸುಮಾರು ಆರು ವರ್ಷಕ್ಕೆ ಇಮ್ಮಡಿಯಾಗುತ್ತದೆ. ಎರಡನೆಯದಾಗಿ, ಒಂದು ವರ್ಷದ ಕೂಲಿ, ಗೊಬ್ಬರ ಮತ್ತು ಮನೆಖರ್ಚಿನಷ್ಟು ಹಣ ಬೇಕೆಂದಾಗ ಕೈಗೆ ಸಿಗುವ ಠೇವಣಿಯಲ್ಲಿರಲಿ. ಮೂರನೆಯದಾಗಿ, ಮಕ್ಕಳ ಓದಿಗೆ, ನಮ್ಮ ಮುಪ್ಪಿಗೆಂದು ತೋಟಕ್ಕೆ ಸಂಬಂಧವಿಲ್ಲದ ಕಡೆ ಒಂದು ಪಾಲು ಹೋಗಲಿ. ಅಂಚೆ ಕಚೇರಿಯಲ್ಲಿ ಹದಿನೈದು ವರ್ಷದ ಪಿ.ಪಿ.ಎಫ್. ಖಾತೆ ತೆರೆಯಬಹುದು. ಧಾರಣೆಯಿಲ್ಲದ ವರ್ಷ 500 ರೂಪಾಯಿ ಕಟ್ಟಿದರೂ ಖಾತೆ ನಡೆಯುತ್ತದೆ. ಒಳ್ಳೆಯ ವರ್ಷ ಒಂದೂವರೆ ಲಕ್ಷದವರೆಗೆ ಕಟ್ಟಬಹುದು. ಏರಿಳಿತದ ಆದಾಯದ ನಮಗೆ ಇದು ಹೊಂದುತ್ತದೆ. ಜಾಗ ಕೊಳ್ಳುವ ಮಾತು ಇದೆಲ್ಲ ಆದ ಮೇಲಿನದು.

ಕಾರ್ಯದರ್ಶಿಯಾಗಿ ಒಂದು ಸಂಗತಿಯನ್ನು ಮುಚ್ಚಿಡಲಾರೆ. ಬ್ಯಾಂಕ್ ಠೇವಣಿಗೆ 2020ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ನಮ್ಮಂಥ ಪ್ರಾಥಮಿಕ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಸಂಘದಲ್ಲಿ ಹಣವಿಡಿ, ಆದರೆ ಇರುವುದೆಲ್ಲವನ್ನೂ ಇಡಬೇಡಿ. ಇಟ್ಟವರು ಮಹಾಸಭೆಗೆ ತಪ್ಪದೆ ಬಂದು ಲೆಕ್ಕ ಕೇಳಿ.

— ಕಾರ್ಯದರ್ಶಿ