ಪಾತ್ರೆಯ ಆಯುಷ್ಯ

ಮನುಷ್ಯನು ಮಾಡಿಕೊಂಡ ವಸ್ತುಗಳಲ್ಲಿ ಅಡುಗೆಯ ಪಾತ್ರೆಯಷ್ಟು ಬವಣೆಪಡುವ ವಸ್ತು ಬೇರೊಂದಿರಲಾರದು. ಬೆಂಕಿ ಅದನ್ನು ಕೆಳಗಿನಿಂದ ಸುಡುತ್ತದೆ, ಉಪ್ಪು ಹುಳಿಗಳು ಒಳಗಿನಿಂದ ತಿನ್ನುತ್ತವೆ, ಸೌಟು ಕೆರೆಯುತ್ತದೆ, ತೊಳೆಯುವ ನಾರು ಉಜ್ಜುತ್ತದೆ. ಇಷ್ಟನ್ನೆಲ್ಲ ಸಹಿಸುವ ಪಾತ್ರೆ ಎಷ್ಟು ಕಾಲ ಬಾಳುತ್ತದೆ, ಯಾವಾಗ ಅದನ್ನು ಒಲೆಯಿಂದ ಇಳಿಸಿ ಬೇರೆಯದನ್ನು ತರಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಮನೆಯವರ ಆರೋಗ್ಯ, ಮನೆಯ ಹಣ ಎರಡೂ ಅದರಲ್ಲಿ ಸೇರಿಕೊಂಡಿವೆ. ಅದಕ್ಕೆ ವರ್ಷಗಳ ಲೆಕ್ಕದಲ್ಲಿ ಉತ್ತರ ದೊರೆಯುವುದಿಲ್ಲ. ಆಹಾರಕ್ಕೆ ತಗಲುವ ಒಳಮೈ ಕೆಟ್ಟ ದಿನ ಪಾತ್ರೆಯ ಆಯುಷ್ಯ ಮುಗಿಯುತ್ತದೆ. ಆ ಒಳಮೈಯನ್ನು ಸರಿಪಡಿಸಲು ಬರುವಂತಿದ್ದರೆ ಆಯುಷ್ಯ ಮತ್ತೆ ಮೊದಲಾಗುತ್ತದೆ. ಪಾತ್ರೆಯ ವಿಚಾರದಲ್ಲಿ ತಿಳಿಯಬೇಕಾದ ಮುಖ್ಯ ಮಾತು ಇದೇ.

ಮಂಗಳೂರು ಮಣ್ಣಿನ ಕೆಲಸಕ್ಕೆ ಹೆಸರಾದ ಊರು. ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಇಲ್ಲಿಯ ಹಂಚು ದೂರದೂರದ ದೇಶಗಳ ಮಾಡುಗಳನ್ನು ಏರಿತು. ಅದಕ್ಕೆ ಎಷ್ಟೋ ಮೊದಲಿನಿಂದ ಈ ನಾಡಿನ ಕುಂಬಾರರು ಜೇಡಿಮಣ್ಣಿನಿಂದ ಅಡುಗೆಯ ಮಡಕೆಗಳನ್ನು ಮಾಡುತ್ತಿದ್ದರು. ತುಳುವಿನಲ್ಲಿ ಬಿಸಲೆ ಎಂದು ಕರೆಯುವ ಮಣ್ಣಿನ ಪಾತ್ರೆಯಲ್ಲಿಯೇ ಮೀನಿನ ಪದಾರ್ಥ ಬೇಯಬೇಕೆಂದು ಹೇಳುವವರು ಇಂದಿಗೂ ಇದ್ದಾರೆ. ಹೊಸ ಬಿಸಲೆಯನ್ನು ನೀರಿನಲ್ಲಿ ನೆನೆಸಿ, ಗಂಜಿತಿಳಿಯನ್ನು ಕುದಿಸಿ ಪಳಗಿಸಿದರೆ ಅದರ ಸೂಕ್ಷ್ಮ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಆದರೆ ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಸುಳ್ಳಲ್ಲ. ಬಿರುಕು ಬಿಟ್ಟ ಬಿಸಲೆಗೆ ಮದ್ದಿಲ್ಲ. ಅದು ಅಲ್ಪಾಯುಷಿಯಾದರೂ ಅದರ ಚೂರುಗಳು ಹಿತ್ತಲಿನ ಮಣ್ಣಿಗೇ ಮರಳುತ್ತವೆ, ಯಾರಿಗೂ ಹೊರೆಯಾಗುವುದಿಲ್ಲ.

ತಾಮ್ರದ ಸ್ವಭಾವ ಇದಕ್ಕೆ ತೀರ ಭಿನ್ನವಾದುದು. ತಾಮ್ರದ ತಪ್ಪಲೆ, ಕೊಪ್ಪರಿಗೆಗಳು ಅಜ್ಜಿಯ ಕೈಯಿಂದ ಮೊಮ್ಮಗಳ ಕೈಗೆ ಬರುವಷ್ಟು ಕಾಲ ಬಾಳುತ್ತವೆ. ಆದರೆ ಹುಣಸೆ, ಪುನರ್ಪುಳಿ, ಬಿಂಬುಳಿಗಳ ಹುಳಿ ತಾಗಿದರೆ ತಾಮ್ರ ಕರಗಿ ಆಹಾರವನ್ನು ಸೇರುತ್ತದೆ. ಕಿಲುಬಿದ ಪಾತ್ರೆಯ ಅಡುಗೆಯಿಂದ ಹೊಟ್ಟೆನೋವು, ವಾಂತಿ ಉಂಟಾಗುತ್ತವೆ. ಇದನ್ನು ತಡೆಯಲೆಂದೇ ಹಿರಿಯರು ಪಾತ್ರೆಯ ಒಳಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿಯವನು ಇದ್ದಲ ಬೆಂಕಿಗೆ ತಿದಿಯೊತ್ತಿ ಪಾತ್ರೆಯನ್ನು ಕಾಯಿಸುತ್ತಾನೆ. ನವಸಾಗರದ ಪುಡಿಯಿಂದ ಲೋಹದ ಕೊಳೆಯನ್ನು ತೆಗೆಯುತ್ತಾನೆ. ತವರವನ್ನು ತಾಗಿಸಿ ಹತ್ತಿಯಿಂದ ಸವರುತ್ತಾನೆ. ಕಪ್ಪಾಗಿದ್ದ ಒಳಮೈ ಕ್ಷಣದಲ್ಲಿ ಬೆಳ್ಳಿಯಂತೆ ಹೊಳೆಯುತ್ತದೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ತಾಮ್ರ ಕರಗಬೇಕಾದರೆ 1085 ಡಿಗ್ರಿ ಬೇಕು. ಆದ್ದರಿಂದಲೇ ತಾಮ್ರಕ್ಕೆ ಕೇಡಿಲ್ಲದೆ ತವರ ಹರಡುತ್ತದೆ. ಕಲಾಯಿಯ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲೆ ಬಿಡಬಾರದೆಂಬುದಕ್ಕೂ ಇದೇ ಕಾರಣ. ತವರ ಸವೆದು ತಾಮ್ರದ ಕೆಂಪು ಇಣುಕಿದಾಗ ಪಾತ್ರೆಯನ್ನು ಎಸೆಯಬೇಕಾಗಿಲ್ಲ. ಕಲಾಯಿಯವನನ್ನು ಕರೆದರೆ ಸಾಕು.

ನೀರುದೋಸೆಯ ಕಬ್ಬಿಣದ ಕಾವಲಿಗೂ ಇಂಥ ಪುನರ್ಜನ್ಮವುಂಟು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ಒದ್ದೆಯಾಗಿ ಬಿಟ್ಟ ಕಾವಲಿಗೆ ತುಕ್ಕು ಹಿಡಿಯುವುದು ಸಹಜ. ತುಕ್ಕನ್ನು ಉಜ್ಜಿ ತೆಗೆದು, ಎಣ್ಣೆ ಸವರಿ ಕಾಯಿಸಿದರೆ ಅದು ಮತ್ತೆ ಕೆಲಸಕ್ಕೆ ಬರುತ್ತದೆ. ಎರಕದ ಕಾವಲಿ ಬಿದ್ದು ಸೀಳಿದರೆ ಮಾತ್ರ ಅದರ ಕಾಲ ಮುಗಿದಂತೆ.

ಇನ್ನು ಹೊಸ ಕಾಲದ ಪಾತ್ರೆಗಳು. ವಿದ್ಯುತ್ತಿನ ನೆರವಿನಿಂದ ಅಲ್ಯೂಮಿನಿಯಂ ತೆಗೆಯುವ ವಿಧಾನ 1886ರಲ್ಲಿ ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಸಿದ್ಧವಾಯಿತು. ಬೆಳ್ಳಿಬಂಗಾರದಂತೆ ದುಬಾರಿಯಾಗಿದ್ದ ಲೋಹ ಬಡವರ ಅಡುಗೆಮನೆಯನ್ನು ಸೇರಿತು. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕನ್ನು ತಯಾರಿಸಿದನು. ಉಕ್ಕಿನ ಪಾತ್ರೆಗೆ ಕಲಾಯಿ ಬೇಡ. ಅದರಲ್ಲಿರುವ ಕ್ರೋಮಿಯಂ ತಾನೇ ತೆಳುವಾದ ಪೊರೆಯಾಗಿ ಅದನ್ನು ಕಾಯುತ್ತದೆ. ಅಲ್ಯೂಮಿನಿಯಂ ಹುಳಿಗೆ ಅಷ್ಟು ನಿಲ್ಲದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯು ಚಟ್ನಿ, ಸಾಂಬಾರುಗಳಂಥ ಹುಳಿ ಪದಾರ್ಥಗಳನ್ನು ಅಲ್ಯೂಮಿನಿಯಂ, ಕಬ್ಬಿಣ, ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಗಳ ಪಾತ್ರೆಗಳಲ್ಲಿ ಇಡಬಾರದೆಂದು ಹೇಳಿದೆ. ಕುಳಿ ಬಿದ್ದು ತೆಳುವಾದ ಅಲ್ಯೂಮಿನಿಯಂ ಪಾತ್ರೆಯನ್ನು ಗುಜರಿಗೆ ಕೊಡುವುದೇ ಲೇಸು. ಅದನ್ನು ಕರಗಿಸಿ ಹೊಸದು ಮಾಡಲು, ಅದಿರಿನಿಂದ ಲೋಹ ತೆಗೆಯುವ ಶಕ್ತಿಯ ಸುಮಾರು 5 ಶೇಕಡಾ ಸಾಕು.

ಅಂಟದ ಬಾಣಲೆಯ ಕತೆ ಬೇರೆ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಆಕಸ್ಮಿಕವಾಗಿ ಕಂಡುಹಿಡಿದ ಟೆಫ್ಲಾನ್ ಅದರ ಒಳಲೇಪ. ಎಣ್ಣೆ ಕಡಿಮೆ, ಶ್ರಮ ಕಡಿಮೆ ಎಂಬುದು ನಿಜವಾದ ಗುಣವೇ ಸರಿ. ಆದರೆ ಸುಮಾರು 260 ಡಿಗ್ರಿ ಮೀರಿದರೆ ಲೇಪ ಕೆಡತೊಡಗುತ್ತದೆ. ಇನ್ನೂ ಕಾದರೆ ಹಾನಿಕರವಾದ ಹೊಗೆ ಬಿಡುತ್ತದೆ. ಲೋಹದ ಸೌಟು ಅದನ್ನು ಗೀರುತ್ತದೆ. ಎದ್ದ ಲೇಪವನ್ನು ಮತ್ತೆ ಹಚ್ಚಿಕೊಡುವ ಕಲಾಯಿಯವನು ಯಾವ ಬೀದಿಯಲ್ಲಿಯೂ ಇಲ್ಲ. ಲೇಪ ಸವೆದ ಬಾಣಲೆಯನ್ನು ಬಿಡಬೇಕೆಂದು ಮೇಲಿನ ಮಾರ್ಗಸೂಚಿಯೂ ತಿಳಿಸುತ್ತದೆ. ಹೀಗೆ ಕೆಲವೇ ವರ್ಷಗಳಲ್ಲಿ ಗಟ್ಟಿಯಾದ ತಳ, ಗಟ್ಟಿಯಾದ ಹಿಡಿ ಇರುವ ಪಾತ್ರೆ ಕಸವಾಗುತ್ತದೆ.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆನ್ನುವುದು ವಿವೇಕವಲ್ಲ. ಭಾರವಾದ ಕೊಪ್ಪರಿಗೆಗಳನ್ನು ಎತ್ತಿ, ಇಳಿಸಿ, ಬೆಳಗಿ ಸೊಂಟ ಮುರಿದುಕೊಂಡವರು ಮನೆಯ ಹೆಂಗಸರೇ. ಹಗುರವಾದ ಪಾತ್ರೆ ಅವರ ಪಾಲಿಗೆ ಬಿಡುಗಡೆಯಾಗಿ ಬಂದಿತು. ಅಲ್ಲದೆ, ಕೆಟ್ಟುದನ್ನು ಬಿಡದೆ ಹಿಡಿದುಕೊಳ್ಳುವ ಜಿಪುಣತನವೂ ಅಪಾಯಕರವೇ. ಕುಕ್ಕರಿನ ರಬ್ಬರಿನ ಉಂಗುರ ಬಿರುಸಾದರೆ, ಸುರಕ್ಷಾ ಕವಾಟ ಹಳತಾದರೆ ಕೂಡಲೇ ಬದಲಿಸಬೇಕು. ತಳ ಉಬ್ಬಿದರೆ ಕುಕ್ಕರನ್ನೇ ಬಿಡಬೇಕು. ಮದುವೆಗೆ ಬಂದ ಉಡುಗೊರೆಯೆಂಬ ಮಮತೆ ಉಗಿಯ ಒತ್ತಡವನ್ನು ತಡೆಯಲಾರದು. ಬೇಗ ಎಸೆಯುವುದು ದುಂದು. ತಡಮಾಡಿ ಎಸೆಯುವುದು ಕೇಡು. ಇವೆರಡರ ನಡುವೆ ದಾರಿ ತೋರುವುದು ಒಳಮೈಯನ್ನು ನೋಡಿ ತಿಳಿಯುವ ಕಣ್ಣು.

ಆ ಕಣ್ಣು ಕೊಳ್ಳುವ ದಿನವೇ ತೆರೆದಿರಬೇಕು. ಬೆಲೆಯನ್ನೂ ಹೊಳಪನ್ನೂ ವಿಚಾರಿಸುವ ಗಿರಾಕಿ, ಕೆಟ್ಟರೆ ಸರಿಮಾಡಿಕೊಡುವವರು ಯಾರು ಎಂದು ಕೇಳುವುದಿಲ್ಲ. ಕೇಳುವವರಿಲ್ಲದೆ ಸರಿಮಾಡುವವರೂ ಇಲ್ಲವಾಗುತ್ತಾರೆ. ‘ಕಲಾಯಿ, ಕಲಾಯಿ’ ಎಂಬ ಕೂಗು ಮಂಗಳೂರಿನ ಬೀದಿಗಳಲ್ಲಿ ಅಪರೂಪವಾಗಿದೆ. ತಿಗರಿ ತಿರುಗುವುದನ್ನು ನೋಡಬೇಕಾದರೆ ಮಕ್ಕಳನ್ನು ಪಿಲಿಕುಳದ ಕುಶಲಕರ್ಮಿಗಳ ಗ್ರಾಮಕ್ಕೆ ಕರೆದೊಯ್ಯಬೇಕಾಗಿದೆ. ಕಸುಬು ನೋಟದ ವಸ್ತುವಾಗಿ ಉಳಿದರೆ ಸಾಲದು. ಅದಕ್ಕೆ ಅಡುಗೆಮನೆಯಿಂದ ಕೆಲಸ ದೊರೆಯಬೇಕು. ಒಂದು ತಪ್ಪಲೆಗೆ ಕಲಾಯಿ ಹಾಕಿಸಿದ ಮನೆ ಆ ತಪ್ಪಲೆಯ ಆಯುಷ್ಯವನ್ನು ಬೆಳೆಸುತ್ತದೆ. ಅದರೊಡನೆ ಒಬ್ಬ ಕುಶಲಿಯ ಅನ್ನವನ್ನೂ ಉಳಿಸುತ್ತದೆ.