ಥಿಯೋಡೋರಾಳ ನಿಲುವಂಗಿ, ಸೂರತ್ತಿನ ಜರಿ

ಕಾಲ್ಪನಿಕ ಸಾಮ್ರಾಜ್ಯಗಳ ಕಾದಂಬರಿ, ಧಾರಾವಾಹಿ, ಆಟಗಳಲ್ಲಿ ಮೆಚ್ಚಿದ ರಾಣಿಯರನ್ನು ತಾವೇ ಚಿತ್ರಿಸುವ ಹವ್ಯಾಸ ನಮ್ಮ ಮನೆಗಳ ಕಿರಿಯರಲ್ಲಿ ಬೆಳೆದಿದೆ. ಅಹಮದಾಬಾದಾಗಲಿ, ವಡೋದರಾ ಸೂರತ್‌ಗಳಾಗಲಿ, ಆ ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣುವ ವೇಷ ಒಂದೇ: ಚಿನ್ನದ ಹಿನ್ನೆಲೆ, ಕೆನ್ನೆಯ ಇಕ್ಕೆಲಗಳಲ್ಲಿ ಜೋಲುವ ಮುತ್ತಿನ ಸರಗಳು, ನೇರಳೆ ನಿಲುವಂಗಿ. ಇದು ಬೈಜಾಂಟಿಯಂನ ಉಡುಗೆ. ಪರದೇಶದ್ದೆಂಬ ಒಂದೇ ಕಾರಣಕ್ಕೆ ಇದನ್ನು ಆಕ್ಷೇಪಿಸುವ ಹಿರಿಯರೊಡನೆ ನಮಗೆ ಸಹಮತವಿಲ್ಲ. ನಮ್ಮ ತಕರಾರು ಬೇರೆ.

ಈ ವೇಷದ ಪ್ರಸಿದ್ಧ ಮಾದರಿ ಇಟಲಿಯ ರಾವೆನ್ನಾದಲ್ಲಿ, 547ರಲ್ಲಿ ಪ್ರತಿಷ್ಠೆಗೊಂಡ ಸಾನ್ ವಿತಾಲೆ ಚರ್ಚಿನ ಗೋಡೆಯ ಮೇಲಿದೆ. ಗಾಜಿನ ಹರಳುಗಳಲ್ಲಿ ರಚಿತಳಾದ ಸಾಮ್ರಾಜ್ಞಿ ಥಿಯೋಡೋರಾ ಪರಿವಾರದೊಡನೆ ನಿಂತು ಚರ್ಚಿಗೆ ಚಿನ್ನದ ಪಾತ್ರೆಯನ್ನು ಅರ್ಪಿಸುತ್ತಿದ್ದಾಳೆ. ಎದುರು ಗೋಡೆಯಲ್ಲಿ ಪತಿ ಜಸ್ಟಿನಿಯನ್. ಆಕೆಯ ನಿಲುವಂಗಿಯ ಅಂಚಿನಲ್ಲಿ ಶಿಶುಯೇಸುವಿಗೆ ಕಾಣಿಕೆ ತಂದ ಮೂವರು ಜ್ಞಾನಿಗಳ ಕಸೂತಿ. ಅಂದರೆ ಅವಳು ಮಾಡುತ್ತಿರುವ ಕೆಲಸವೇ ಅಂಚಿನಲ್ಲೂ ಬರೆದಿದೆ. ರಂಗದ ನಟಿಯಾಗಿದ್ದವಳು ಸಾಮ್ರಾಜ್ಯದ ಪಾಲುದಾರಳಾದುದನ್ನು ಆ ಬಟ್ಟೆ ಸಾರುತ್ತದೆ. ನಮ್ಮ ಕಿರಿಯರು ಮುತ್ತುಗಳನ್ನು ತಂದರು. ಪಾತ್ರೆಯನ್ನೂ ಪರಿವಾರವನ್ನೂ ಅಲ್ಲಿಯೇ ಬಿಟ್ಟರು. ಉಳಿದದ್ದು ಕೆಲಸವಿಲ್ಲದ ಒಬ್ಬ ಸುಂದರಿ.

ಎರವಲು ತಪ್ಪೆನ್ನಲು ವಡೋದರೆಯಲ್ಲಿರುವವರಿಗಂತೂ ಬಾಯಿಲ್ಲ. ಸಯಾಜಿರಾವ್ ಗಾಯಕವಾಡರಿಗಾಗಿ ರವಿವರ್ಮ ರಚಿಸಿದ ಪುರಾಣಚಿತ್ರಗಳಲ್ಲಿ ಯುರೋಪಿನ ತೈಲವರ್ಣವೂ ಈ ನೆಲದ ಸೀರೆಯೂ ಬೆರೆತಿವೆ. ದಮಯಂತಿ, ಸುಭದ್ರೆಯರು ಉಟ್ಟದ್ದು ಚಿತ್ರಕಾರನ ಕಾಲದ ಹೆಂಗಸರ ಉಡುಗೆ. ಮುಂದೆ ರವಿವರ್ಮನ ಮುದ್ರಿತ ಚಿತ್ರಗಳು ನಮ್ಮ ಅಜ್ಜಿಯರ ದೇವರ ಗೂಡನ್ನೂ ಸೇರಿದವು. ಮಹಾರಾಣಿ ಚಿಮಣಾಬಾಯಿಯ ಭಾವಚಿತ್ರವನ್ನೂ ಅವರು ಬರೆದರು. ಅದೇ ಹೆಸರಿನ ಎರಡನೆಯ ಮಹಾರಾಣಿ 1911ರಲ್ಲಿ ಭಾರತೀಯ ಸ್ತ್ರೀಯರ ಸ್ಥಿತಿಗತಿಯ ಕುರಿತ ಪುಸ್ತಕವೊಂದರ ಸಹಲೇಖಕಿಯಾದರು. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಅಧಿವೇಶನದ ಅಧ್ಯಕ್ಷತೆ ವಹಿಸಿದರು. ಕೈಯಲ್ಲಿ ಕಾಗದ ಹಿಡಿದ ರಾಣಿಯನ್ನು ಬರೆಯಲು ಇನ್ನೆಂಥ ಮಾದರಿ ಬೇಕು?

ವೈಭವವೇ ಬೇಕೆಂದರೆ ವಿಜಯನಗರವಿದೆ. ತಿರುಮಲದ ದೇವಾಲಯದಲ್ಲಿ ಕೃಷ್ಣದೇವರಾಯನ ಇಕ್ಕೆಲಗಳಲ್ಲಿ ತಿರುಮಲದೇವಿ, ಚಿನ್ನಾದೇವಿಯರು ಲೋಹದಲ್ಲಿ ಕೈಮುಗಿದು ನಿಂತಿದ್ದಾರೆ. ಮಹಾನವಮಿಯ ಉತ್ಸವವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್, ಚಿನ್ನ ಮುತ್ತುಗಳ ಭಾರ ತಾಳಲಾರದ ಅರಮನೆಯ ಹೆಂಗಸರನ್ನು ಇತರರು ತೋಳು ಹಿಡಿದು ನಡೆಸುತ್ತಿದ್ದರೆಂದು ಬರೆದಿದ್ದಾನೆ. ನಾವು ಕಂಡ ಯಾವ ಅಭಿಮಾನಿ ಚಿತ್ರದಲ್ಲೂ ಒಡವೆಗೆ ತೂಕವಿಲ್ಲ. ರಾಣಿಯ ಕತ್ತು ಬಾಗುವುದಿಲ್ಲ, ತೋಳಿಗೆ ಆಸರೆಯಾದ ಇನ್ನೊಂದು ಕೈ ಕಾಣುವುದಿಲ್ಲ.

ಸೂರತ್ತಿನವರಿಗೆ ಇನ್ನೂ ಒಂದು ಅನುಕೂಲವಿದೆ. ಮೈಸೂರು, ಕಾಂಚೀಪುರದ ಸೀರೆಗಳ ಜರಿಗೆ ಹೆಸರಾದ ಊರು ಅದು. ಅಸಲಿ ಜರಿಯಲ್ಲಿ ರೇಷ್ಮೆ ಎಳೆಗೆ ಚಪ್ಪಟೆಯಾಗಿಸಿದ ಬೆಳ್ಳಿತಂತಿಯನ್ನು ಸುತ್ತಿ ಮೇಲೆ ಚಿನ್ನದ ಲೇಪ ಕೊಡುತ್ತಾರೆ. ಬೈಜಾಂಟಿಯಂನವರ ಚಿನ್ನದ ದಾರವೂ ರೇಷ್ಮೆಗೆ ಲೋಹದ ಪಟ್ಟಿ ಸುತ್ತಿದ್ದೇ. ಆ ದಾರ ಬೆಳಕಿನಲ್ಲಿ ಹೇಗೆ ಮಿನುಗುತ್ತದೆ, ಮಡಿಕೆಯಲ್ಲಿ ಹೇಗೆ ಮಂಕಾಗುತ್ತದೆ ಎಂಬುದನ್ನು ಪರದೆಯ ಮೇಲಿನ ಚಿತ್ರ ಕಲಿಸದು. ಅಮ್ಮನ ಮದುವೆ ಸೀರೆಯ ಸೆರಗು ಅರ್ಧ ಗಂಟೆಯಲ್ಲಿ ಕಲಿಸೀತು.